ಚೆಲ್ಲುವ ಮುಂಚೆ ನೋಡಿ: ಕೋಳಿಗಳ ನೀರು, ಫೀಡ್ ಏಕೆ ಕೊಳೆಯಾಗುತ್ತದೆ?

ಬೆಳಗ್ಗೆ ತೊಳೆದು ತುಂಬಿಟ್ಟ ನೀರು ಮಧ್ಯಾಹ್ನಕ್ಕೆ ಕೆಸರಾಗಿರುತ್ತದೆ. ಫೀಡಿನ ತಟ್ಟೆಯಲ್ಲಿ ಅರ್ಧ ಮರದ ಹೊಟ್ಟು, ಅರ್ಧ ಹಿಕ್ಕೆ. ಆಗ ಎಲ್ಲರೂ ಮಾಡುವುದು ಒಂದೇ: ಚೆಲ್ಲುವುದು, ಉಜ್ಜುವುದು, ಮತ್ತೆ ತುಂಬುವುದು. ನಾನೂ ಹಲವು ತಿಂಗಳು ಹಾಗೇ ಮಾಡಿದೆ. ದಿನಕ್ಕೆ ಮೂರು ಸಲ ನೀರು ಬದಲಿಸಿದರೂ ಮೂರು ಸಲವೂ ಕೊಳೆಯಾಗುತ್ತಿತ್ತು. ಕೊನೆಗೊಂದು ದಿನ ಚೆಲ್ಲುವ ಮುಂಚೆ ಆ ನೀರನ್ನು ಗಾಜಿನ ಲೋಟಕ್ಕೆ ಸುರಿದು ನೋಡಿದೆ. ತಳದಲ್ಲಿ ಕೂತಿದ್ದು ಮಣ್ಣಲ್ಲ, ಫೀಡಿನ ಪುಡಿ. ಮಣ್ಣೆಂದುಕೊಂಡು ನೀರಿನ ಪಾತ್ರೆಯನ್ನು ಎತ್ತರಿಸುತ್ತಲೇ ಇದ್ದೆ. ಆದರೆ ತಪ್ಪಿದ್ದದ್ದು ಫೀಡಿನ ಪಾತ್ರೆ ಇಟ್ಟ ಜಾಗದಲ್ಲಿ.

ಕೊಳೆ ತಾನು ಬಂದ ದಾರಿಯನ್ನು ತಾನೇ ತೋರಿಸುತ್ತದೆ. ತೊಳೆದುಬಿಟ್ಟರೆ ಆ ಗುರುತೂ ಹೋಗುತ್ತದೆ. ಆದ್ದರಿಂದ ಈ ಬರಹದಲ್ಲಿ ತೊಳೆಯುವ ಮಾತು ಆಮೇಲೆ, ನೋಡುವ ಮಾತು ಮೊದಲು.

ಲೋಟದ ಪರೀಕ್ಷೆ

ಕೊಳೆಯಾದ ನೀರನ್ನು ಕಲಕಿ ಒಂದು ಲೋಟ ತೆಗೆದುಕೊಳ್ಳಿ. ಲೋಟ ಗಾಜಿನದಾಗಿರಲಿ, ಇದಕ್ಕೆಂದೇ ಬೇರೆ ಇಟ್ಟದ್ದಾಗಿರಲಿ. ಹತ್ತು ನಿಮಿಷ ಅಲುಗಾಡಿಸದೆ ಬಿಡಿ.

ತಳದಲ್ಲಿ ಮರಳು, ಮಣ್ಣು ಕೂತು, ಮೇಲೆ ಹೊಟ್ಟು ತೇಲಿದರೆ ಅದು ಕಾಲಿನಿಂದ ಕೆದಕಿ ಎರಚಿದ್ದು. ಹಳದಿ ಅಥವಾ ಕಂದು ಬಣ್ಣದ ಮೆತ್ತನೆ ಗಸಿ ಕೂತು, ನೀರು ಹುಳಿ ವಾಸನೆ ಹೊಡೆದರೆ ಅದು ಕೊಕ್ಕಿನಿಂದ ಉದುರಿದ ಫೀಡ್. ಗಸಿಯಲ್ಲಿ ಸುಣ್ಣದಂಥ ಬಿಳಿ ಚೂರುಗಳಿದ್ದರೆ ಹಿಕ್ಕೆ ಬಿದ್ದಿದೆ. ಕೋಳಿ ಮೂತ್ರವನ್ನು ಬೇರೆಯಾಗಿ ಹೊಯ್ಯುವುದಿಲ್ಲ. ಅದು ಹಿಕ್ಕೆಯ ಮೇಲೆ ಬಿಳಿ ಟೋಪಿಯಂತೆ ಕೂತೇ ಬರುವುದರಿಂದ ಈ ಗುರುತು ಬಹಳ ನಂಬಿಕೆಗೆ ಅರ್ಹ. ನೀರು ಪೂರ್ತಿ ಹಸಿರಾಗಿದ್ದರೆ ಪಾಚಿ. ನೀರು ತಿಳಿಯಾಗಿದ್ದು, ಪಾತ್ರೆಯ ಒಳಗೋಡೆ ಮಾತ್ರ ಬೆರಳಿಗೆ ಜಾರಿದರೆ ಅದು ಲೋಳೆ.

ಇದರ ಜೊತೆಗೆ ಹೊತ್ತನ್ನೂ ಗಮನಿಸಿ. ಕತ್ತಲಾಗಿ ಕೋಳಿಗಳು ಗೂಡು ಸೇರಿದ ಮೇಲೆ ಒಂದು ಸಂಜೆ ನೀರನ್ನೂ ಫೀಡನ್ನೂ ಶುಚಿಯಾಗಿ ಇಟ್ಟು, ಬೆಳಕು ಹರಿಯುವ ಮುಂಚೆ ಹೋಗಿ ನೋಡಿ. ಕೋಳಿ ಕತ್ತಲಲ್ಲಿ ಕೂತಲ್ಲಿಂದ ಏಳುವುದಿಲ್ಲ. ಪಾತ್ರೆ ಅವು ಕೂರುವ ಕೋಲಿನ ಕೆಳಗಿಲ್ಲದೆಯೂ ಕೊಳೆಯಾಗಿದ್ದರೆ ತಪ್ಪು ಕೋಳಿಯದಲ್ಲ. ಇಲಿಯೋ ಮಳೆಯೋ ಮರದಿಂದ ಬೀಳುವ ಕಸವೋ ಇರಬೇಕು. ಬೆಳಗ್ಗೆ ಶುಚಿಯಾಗಿದ್ದರೆ ಕೋಳಿಗಳನ್ನು ಹೊರಬಿಟ್ಟು ಇಪ್ಪತ್ತು ನಿಮಿಷ ದೂರ ಕೂತು ಸುಮ್ಮನೆ ನೋಡಿ. ಯಾವ ಕೋಳಿ ಎಲ್ಲಿ ನಿಂತು ಕೆದಕುತ್ತದೆ, ಯಾವುದು ಪಾತ್ರೆಯ ಮೇಲೆ ಹಾರಿ ಕೂರುತ್ತದೆ ಎಂಬುದೆಲ್ಲ ಆ ಇಪ್ಪತ್ತು ನಿಮಿಷದಲ್ಲೇ ತಿಳಿದುಬಿಡುತ್ತದೆ.

ಮಣ್ಣು, ಹೊಟ್ಟು ಬೀಳುತ್ತಿದ್ದರೆ

ಕೋಳಿ ಎರಡು ಹೆಜ್ಜೆ ಹಿಂದಕ್ಕೆ ಕೆದಕಿ, ತಲೆ ಬಗ್ಗಿಸಿ ನೋಡುತ್ತದೆ. ಕೆದಕಿದ್ದು ಹಾರುವುದು ಅದರ ಹಿಂಬದಿಗೆ, ನೆಲಕ್ಕೆ ತಾಗಿಕೊಂಡೇ. ಹಾಗಾಗಿ ಪಾತ್ರೆಯ ಅಂಚು ಎಷ್ಟು ಎತ್ತರದಲ್ಲಿದೆ ಎಂಬುದೇ ಇಲ್ಲಿ ಮುಖ್ಯ. ನಿಮ್ಮಲ್ಲಿರುವ ಅತಿ ಚಿಕ್ಕ ಕೋಳಿ ನೆಟ್ಟಗೆ ನಿಂತಾಗ ಅದರ ಬೆನ್ನು ಎಷ್ಟು ಎತ್ತರವೋ, ನೀರಿನ ಪಾತ್ರೆಯ ಅಂಚೂ ಫೀಡಿನ ತಟ್ಟೆಯ ಅಂಚೂ ಅಷ್ಟೇ ಎತ್ತರದಲ್ಲಿರಬೇಕು. ತಲೆ ತಗ್ಗಿಸದೆ ಕುಡಿಯುವಂತಿರಬೇಕು, ಕುತ್ತಿಗೆ ಪೂರ್ತಿ ಚಾಚುವಂತಿರಬಾರದು.

ಎತ್ತರಿಸಲು ಇಟ್ಟಿಗೆ ಜೋಡಿಸುವವರು ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ. ಪಾತ್ರೆಗಿಂತ ಅಗಲವಾದ ಕಟ್ಟೆ ಕಟ್ಟಿಬಿಡುತ್ತಾರೆ. ಆಗ ಕೋಳಿ ಆ ಕಟ್ಟೆಯ ಮೇಲೇ ಹತ್ತಿ ನಿಂತು ಕೆದಕುತ್ತದೆ, ಎತ್ತರಿಸಿದ್ದು ವ್ಯರ್ಥವಾಗುತ್ತದೆ. ಕಟ್ಟೆ ಪಾತ್ರೆಯಷ್ಟೇ ಅಗಲವಿರಲಿ, ಅಥವಾ ಸರಪಳಿಯಲ್ಲಿ ನೇತುಹಾಕಿ. ನೇತುಹಾಕಿದ್ದಕ್ಕೆ ಇನ್ನೊಂದು ಅನುಕೂಲವಿದೆ: ಮರಿಗಳು ಬೆಳೆದಂತೆ ಕೊಂಡಿ ಬದಲಿಸಿ ಮೇಲೆತ್ತುತ್ತ ಹೋಗಬಹುದು. ದೊಡ್ಡ ಕೋಳಿ, ಚಿಕ್ಕ ಕೋಳಿ ಒಟ್ಟಿಗಿದ್ದರೆ ಎರಡು ಪಾತ್ರೆ ಇಡುವುದೇ ಸರಿ. ಒಂದರಲ್ಲೇ ಇಬ್ಬರಿಗೂ ಹೊಂದಿಸಲು ಹೋಗಿ ನಾನು ಇಬ್ಬರಿಗೂ ಕಷ್ಟ ಕೊಟ್ಟಿದ್ದೇನೆ.

ಎತ್ತರ ಸರಿಯಿದ್ದೂ ಮಣ್ಣು ಬೀಳುತ್ತಿದ್ದರೆ ಸುತ್ತಲಿನ ನೆಲ ನೋಡಿ. ಒಣ ಮಣ್ಣಿನ ಗುಳಿಯೊಂದು ಹತ್ತಿರದಲ್ಲಿದ್ದರೆ ಅದು ಕೋಳಿಗಳು ಧೂಳಿನಲ್ಲಿ ಹೊರಳಾಡುವ ಜಾಗ. ಅವು ಮೈ ಕೊಡವಿದಾಗ ಏಳುವ ಧೂಳಿಗೆ ಎತ್ತರದ ಲೆಕ್ಕವಿಲ್ಲ. ಗುಳಿಯನ್ನು ಬದಲಿಸಲು ಹೋಗಬೇಡಿ, ಅವು ಆರಿಸಿಕೊಂಡ ಜಾಗವನ್ನು ಬಿಡುವುದು ಕಡಿಮೆ. ಪಾತ್ರೆಯನ್ನೇ ಆಚೆ ಸರಿಸಿ.

ಹುಳಿ ವಾಸನೆಯ ಗಸಿ ಕೂರುತ್ತಿದ್ದರೆ

ಒಣ ಪುಡಿ ತಿಂದ ಕೋಳಿಗೆ ಕೊಕ್ಕು, ಗಂಟಲು ಒಣಗುತ್ತದೆ. ನೀರು ಪಕ್ಕದಲ್ಲೇ ಇದ್ದರೆ ತಿನ್ನುತ್ತ ತಿನ್ನುತ್ತಲೇ ಬಂದು ಕೊಕ್ಕು ಅದ್ದುತ್ತದೆ. ಪ್ರತಿ ಸಲವೂ ಒಂದಿಷ್ಟು ಪುಡಿ ನೀರಿಗೆ ಬೀಳುತ್ತದೆ. ನನ್ನಲ್ಲಿ ಎರಡೂ ಪಾತ್ರೆಗಳ ನಡುವೆ ಒಂದು ಮೊಳ ಜಾಗವೂ ಇರಲಿಲ್ಲ. ಎರಡು ಮೀಟರ್ ದೂರ ಇಟ್ಟ ದಿನದಿಂದ ಗಸಿ ಗಮನಿಸುವಷ್ಟು ಇಳಿಯಿತು, ಏಕೆಂದರೆ ನಡೆದು ಬರುವಷ್ಟರಲ್ಲಿ ಕೋಳಿ ಬಾಯಲ್ಲಿದ್ದದ್ದನ್ನು ನುಂಗಿರುತ್ತದೆ, ಕೊಕ್ಕನ್ನು ನೆಲಕ್ಕೆ ಒರೆಸಿರುತ್ತದೆ.

ಪುಡಿ ಫೀಡ್ ಬಿಟ್ಟು ಗುಳಿಗೆಯಂಥ ಪೆಲೆಟ್ ಫೀಡ್ ಕೊಟ್ಟರೆ ಈ ತೊಂದರೆ ಬಹುಪಾಲು ತಾನಾಗಿಯೇ ಕಡಿಮೆಯಾಗುತ್ತದೆ. ಪುಡಿಯನ್ನೇ ಕೊಡಬೇಕಾದವರು ಸ್ವಲ್ಪ ನೀರು ಚಿಮುಕಿಸಿ ಕಲಸಿ, ಒಂದು ಗಂಟೆಯಲ್ಲಿ ಮುಗಿಯುವಷ್ಟೇ ಕೊಡಬಹುದು. ಉಳಿದದ್ದನ್ನು ತೆಗೆದುಬಿಡಬೇಕು. ಕಲಸಿದ ಫೀಡ್ ಸೆಖೆಯಲ್ಲಿ ಅರ್ಧ ದಿನದೊಳಗೆ ಹುಳಿಯುತ್ತದೆ.

ಹಿಕ್ಕೆ ಬೀಳುತ್ತಿದ್ದರೆ

ಇದಕ್ಕೆ ಮುಖ್ಯ ಕಾರಣ ಎರಡು. ಒಂದು, ಪಾತ್ರೆಯ ಮೇಲೆ ಕೋಳಿ ಕೂರಲು ಜಾಗವಿದೆ. ಇನ್ನೊಂದು, ಕೋಳಿಗಳು ಕೂರುವ ಕೋಲಿನ ಕೆಳಗೆ ಪಾತ್ರೆ ಇದೆ. ಎರಡನೆಯದಕ್ಕೆ ಸರಿಸುವುದೊಂದೇ ಮದ್ದು. ಮೊದಲನೆಯದಕ್ಕೆ ಮುಚ್ಚಳವನ್ನು ಕಡಿದಾದ ಶಂಕುವಿನಂತೆ ಮಾಡಿ. ಇಳಿಜಾರು 45 ಡಿಗ್ರಿಗಿಂತ ಕಡಿದಾಗಿದ್ದರೆ ಕಾಲು ನಿಲ್ಲುವುದಿಲ್ಲ. ಉದ್ದನೆಯ ತೊಟ್ಟಿಯಾದರೆ ಮೇಲೆ ಸುಲಭವಾಗಿ ಉರುಳುವ ಒಂದು ಪೈಪ್ ಹಾಯಿಸಿ. ಕೂರಲು ಹೋದ ಕೋಳಿ ಜಾರಿ ಇಳಿಯುತ್ತದೆ, ಎರಡು ದಿನದಲ್ಲಿ ಆ ಅಭ್ಯಾಸ ಬಿಡುತ್ತದೆ.

ನನ್ನ ಪ್ರಕಾರ ಎಲ್ಲ ಕೊಳೆಗಿಂತ ಮೊದಲು ಸರಿಪಡಿಸಬೇಕಾದದ್ದು ಇದು. ಮಣ್ಣು ಬಿದ್ದ ನೀರು ನೋಡಲು ಕೆಟ್ಟದಾಗಿದ್ದರೂ ಅಷ್ಟು ಅಪಾಯವಿಲ್ಲ. ಹಿಕ್ಕೆ ಬಿದ್ದ ನೀರಿನಿಂದ ಒಂದು ಕೋಳಿಯ ಕಾಯಿಲೆ ಇಡೀ ಗುಂಪಿಗೆ ಹರಡುತ್ತದೆ. ಸಾಲ್ಮೊನೆಲ್ಲಾ, ಇ. ಕೋಲಿ ಎಂಬ ಬ್ಯಾಕ್ಟೀರಿಯಾಗಳು, ಜಂತುಹುಳದ ಮೊಟ್ಟೆಗಳು ಎಲ್ಲವೂ ಹಿಕ್ಕೆಯಲ್ಲೇ ಪ್ರಯಾಣ ಮಾಡುತ್ತವೆ. ಮರಿಗಳಿಗೆ ರಕ್ತಭೇದಿ ತರುವ ಕಾಕ್ಸಿಡಿಯಾ ಪರೋಪಜೀವಿಯದ್ದೂ ಅದೇ ದಾರಿ. ಹಿಕ್ಕೆಯಲ್ಲಿ ಹೊರಬಿದ್ದ ಅದರ ಮೊಟ್ಟೆಯಂಥ ಕೋಶ ತಕ್ಷಣಕ್ಕೆ ರೋಗ ತರುವುದಿಲ್ಲ. ಬೆಚ್ಚಗೆ, ತೇವವಾಗಿದ್ದರೆ ಒಂದೆರಡು ದಿನದಲ್ಲಿ ಬಲಿತು ರೋಗ ತರುವಂತಾಗುತ್ತದೆ. ಬ್ಲೀಚಿಗೆ ಅದು ಜಗ್ಗುವುದಿಲ್ಲ, ಒಣಗಿಸಿದರೆ ಸೋಲುತ್ತದೆ. ನೀರಿನ ಪಾತ್ರೆಯ ಸುತ್ತಲಿನ ಒದ್ದೆ ನೆಲದ ಬಗ್ಗೆ ಮುಂದೆ ಇಷ್ಟು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಹಸಿರು ನೀರು

ಪಾಚಿಗೆ ಬೆಳಕು ಬೇಕು. ಒಳಗಿನ ನೀರು ಹೊರಗಿನಿಂದ ಕಾಣುವಂಥ ಪಾತ್ರೆಯಾದರೆ ಬೆಳಕು ಒಳಹೋಗುತ್ತಿದೆ ಎಂದೇ ಅರ್ಥ. ಬೆಳಕು ಹಾಯದ ಪಾತ್ರೆಗೆ ಬದಲಿಸಿ, ಅಥವಾ ಇರುವುದಕ್ಕೇ ಹೊರಗಿನಿಂದ ದಪ್ಪ ಬಟ್ಟೆ ಸುತ್ತಿ ನೆರಳಿಗಿಡಿ. ಇಷ್ಟೇ ಸಾಕು.

ತೊಳೆದರೂ ಮರಳಿ ಬರುವ ಲೋಳೆ

ಲೋಳೆ ಎಂದರೆ ಬ್ಯಾಕ್ಟೀರಿಯಾಗಳು ಗೋಡೆಗೆ ಅಂಟಿಕೊಂಡು ತಮ್ಮ ಸುತ್ತ ಹೆಣೆದುಕೊಳ್ಳುವ ಪದರ. ನೀರು ಹಾಕಿ ಕುಲುಕಿದರೆ ಅದು ಹೋಗುವುದಿಲ್ಲ. ಬ್ಲೀಚ್ ಸುರಿದರೂ ಮೇಲಿನ ಪದರ ಸಾಯುತ್ತದೆ, ಅಡಿಯದ್ದು ಉಳಿಯುತ್ತದೆ. ಕೊಳೆಯ ಮೇಲೆ ಹಾಕಿದ ಬ್ಲೀಚಿನ ಶಕ್ತಿ ಕೊಳೆಯ ಜೊತೆಗೇ ಮುಗಿದುಹೋಗುತ್ತದೆ. ಆದ್ದರಿಂದ ಮೊದಲು ಬ್ರಷ್ಷಿನಿಂದ, ಸಾಬೂನು ನೀರಿನಿಂದ ಉಜ್ಜಿ. ಮೂಲೆ, ತಿರುಪಿನ ಎಳೆ, ರಬ್ಬರ್ ವಾಷರಿನ ಅಡಿ ಇವೇ ಲೋಳೆಯ ಬೇರು. ಚೆನ್ನಾಗಿ ತೊಳೆದ ಮೇಲೆ ಒಂದು ಪಾಲು ಮನೆಬಳಕೆಯ ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ, ವಾಸನೆ ಹೋಗುವವರೆಗೆ ಜಾಲಿಸಿ, ಬಿಸಿಲಲ್ಲಿ ಪೂರ್ತಿ ಒಣಗಿಸಿ. ಪಾತ್ರೆ ಎರಡಿದ್ದರೆ ಒಂದು ಒಣಗುವಾಗ ಇನ್ನೊಂದು ಬಳಕೆಯಲ್ಲಿರುತ್ತದೆ. ಒಣಗಿಸುವ ಈ ಹೆಜ್ಜೆಯನ್ನು ಬಿಡುವವರೇ ಹೆಚ್ಚು, ಲೋಳೆ ಮರಳಿ ಬರುವುದೂ ಅವರಲ್ಲೇ.

ಇಲ್ಲಿ ಎರಡು ಎಚ್ಚರಿಕೆ. ಬ್ಲೀಚನ್ನೂ ವಿನೆಗರನ್ನೂ ಎಂದಿಗೂ ಒಟ್ಟಿಗೆ ಬೆರೆಸಬೇಡಿ. ಅದರಿಂದ ಏಳುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನು ಸುಡುತ್ತದೆ. ಇನ್ನು, ಕುಡಿಯುವ ನೀರಿಗೆ ವಿನೆಗರ್ ಹಾಕುವ ಅಭ್ಯಾಸವಿದ್ದರೆ ಸತುವಿನ ಲೇಪನವಿರುವ ತಗಡಿನ ಪಾತ್ರೆಯಲ್ಲಿ ಹಾಕಬೇಡಿ. ಹುಳಿಗೆ ಸತು ಕರಗಿ ನೀರಿಗಿಳಿಯುತ್ತದೆ, ಅದು ಕೋಳಿಗೆ ವಿಷ.

ನೀರಿನಲ್ಲಿ ವಿಟಮಿನ್ ಪುಡಿಯನ್ನೋ ಬೆಲ್ಲವನ್ನೋ ಕರಗಿಸಿ ಕೊಟ್ಟ ದಿನ ಲೋಳೆ ಹೆಚ್ಚಾಗುವುದು ಸಹಜ, ಸಿಹಿ ಬ್ಯಾಕ್ಟೀರಿಯಾಗಳಿಗೂ ಆಹಾರ. ಅಂಥ ನೀರನ್ನು ಅದೇ ದಿನ ಸಂಜೆ ಚೆಲ್ಲಿ ಪಾತ್ರೆ ಉಜ್ಜಿ.

ಪಾತ್ರೆಯ ಸುತ್ತ ಯಾವಾಗಲೂ ಒದ್ದೆ

ಬೋರಲು ಹಾಕಿದ ಡಬ್ಬಿ, ಕೆಳಗೊಂದು ತಟ್ಟೆ ಇರುವ ಡ್ರಿಂಕರ್ ಹೆಚ್ಚಿನವರ ಬಳಿ ಇರುವುದು. ಅದು ಕೆಲಸ ಮಾಡುವ ರೀತಿ ತಿಳಿದರೆ ದೋಷ ಹುಡುಕುವುದು ಸುಲಭ. ಡಬ್ಬಿಯ ರಂಧ್ರದಿಂದ ನೀರು ತಟ್ಟೆಗೆ ಇಳಿಯುತ್ತದೆ. ತಟ್ಟೆಯ ನೀರು ಏರಿ ಆ ರಂಧ್ರವನ್ನು ಮುಚ್ಚಿದೊಡನೆ ಒಳಗೆ ಗಾಳಿ ಹೋಗಲು ದಾರಿಯಿಲ್ಲ, ನೀರು ನಿಲ್ಲುತ್ತದೆ. ಕೋಳಿ ಕುಡಿದು ಮಟ್ಟ ಇಳಿದಾಗ ರಂಧ್ರ ತೆರೆದು ಒಂದು ಗುಳ್ಳೆ ಒಳಹೋಗುತ್ತದೆ, ಅಷ್ಟೇ ನೀರು ಹೊರಬರುತ್ತದೆ. ಅಂದರೆ ಇಡೀ ವ್ಯವಸ್ಥೆ ನಿಂತಿರುವುದು ಡಬ್ಬಿಯೊಳಗೆ ಬೇರೆಲ್ಲಿಂದಲೂ ಗಾಳಿ ನುಗ್ಗಬಾರದು ಎಂಬ ಒಂದೇ ಮಾತಿನ ಮೇಲೆ.

ಪರೀಕ್ಷೆ ಹೀಗೆ ಮಾಡಿ. ಪಾತ್ರೆಯನ್ನು ಪೂರ್ತಿ ತುಂಬಿ, ಕೋಳಿಗಳಿಲ್ಲದ ನೆರಳಿನಲ್ಲಿ, ಸಮತಟ್ಟಾದ ಕಲ್ಲಿನ ಮೇಲೆ ಎರಡು ಗಂಟೆ ಬಿಡಿ. ಅಲ್ಲೂ ತಟ್ಟೆ ತುಂಬಿ ಹರಿದರೆ ಡಬ್ಬಿಯಲ್ಲಿ ಬಿರುಕಿದೆ, ಇಲ್ಲವೇ ವಾಷರ್ ಸವೆದಿದೆ. ಕೂದಲೆಳೆಯಷ್ಟು ಬಿರುಕೂ ಸಾಕು. ಡಬ್ಬಿಯನ್ನು ಒಣಗಿಸಿ, ಬಾಯಿ ಮುಚ್ಚಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಹಿಸುಕಿದರೆ ಗುಳ್ಳೆ ಏಳುವ ಜಾಗವೇ ಬಿರುಕು.

ಅಲ್ಲಿ ಸರಿಯಿದ್ದು, ಆವರಣದಲ್ಲಿ ಇಟ್ಟಾಗ ಮಾತ್ರ ಹರಿದರೆ ನೆಲ ವಾರೆಯಾಗಿದೆ. ತಟ್ಟೆ ಒಂದು ಬದಿಗೆ ತಗ್ಗಿದ್ದರೆ, ಮೇಲಿನ ಬದಿಯಲ್ಲಿರುವ ರಂಧ್ರವನ್ನು ನೀರು ಮುಟ್ಟುವ ಮೊದಲೇ ತಗ್ಗಿನ ಬದಿಯಲ್ಲಿ ಹೊರಚೆಲ್ಲುತ್ತದೆ. ಡಬ್ಬಿ ಖಾಲಿಯಾಗುವವರೆಗೂ ನಿಲ್ಲುವುದಿಲ್ಲ.

ಮೂರನೆಯ ಕಾರಣವನ್ನು ಹಿಡಿಯಲು ನನಗೆ ಒಂದು ಇಡೀ ಬೇಸಿಗೆ ಬೇಕಾಯಿತು. ಬೆಳಗ್ಗೆ ಏನೂ ತೊಂದರೆಯಿಲ್ಲ, ಮಧ್ಯಾಹ್ನ ಮಾತ್ರ ಒದ್ದೆ, ಅದೂ ಡಬ್ಬಿ ಅರ್ಧ ಖಾಲಿಯಾದ ಮೇಲೆ. ಬಿಸಿಲಿಗೆ ಡಬ್ಬಿಯೊಳಗಿನ ಗಾಳಿ ಹಿಗ್ಗಿ ನೀರನ್ನು ಹೊರಗೆ ತಳ್ಳುತ್ತಿತ್ತು. ಒಳಗೆ 5 ಲೀಟರ್ ಗಾಳಿಯಿದ್ದು ಅದು 20 ಡಿಗ್ರಿಯಿಂದ 40 ಡಿಗ್ರಿ ಸೆಲ್ಸಿಯಸ್‌ಗೆ ಕಾದರೆ, ಹಿಗ್ಗುವಿಕೆಯೊಂದರಿಂದಲೇ ಮುನ್ನೂರು ಮಿಲಿಲೀಟರಿಗಿಂತ ಹೆಚ್ಚು ನೀರು ಹೊರಬೀಳುತ್ತದೆ. ನಾನು ಎರಡು ವಾಷರ್ ಬದಲಿಸಿ, ನೆಲ ಮೂರು ಸಲ ಸಮ ಮಾಡಿದ ಮೇಲೆ ನೆರಳಿಗೆ ಸರಿಸಿದೆ. ಅವತ್ತೇ ನಿಂತಿತು. ನಿಮ್ಮದೂ ಮಧ್ಯಾಹ್ನದ ಕಾಯಿಲೆಯಾದರೆ ಮೊದಲು ನೆರಳು ನೋಡಿ. ಹೇಗೂ ಬಿಸಿಯಾದ ನೀರನ್ನು ಕೋಳಿಗಳು ಮನಸಾರೆ ಕುಡಿಯುವುದಿಲ್ಲ. ಬೆವರದ ಜೀವ ಅದು, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು, ಅದಕ್ಕೆ ನೀರೇ ಬೇಕು.

ಏನೇ ಮಾಡಿದರೂ ಕುಡಿಯುವಾಗ ಚೆಲ್ಲುವ ಹನಿಗಳು ಇದ್ದೇ ಇರುತ್ತವೆ. ಪಾತ್ರೆಯ ಕೆಳಗೆ ಒಂದು ಗೇಣು ಆಳ ಅಗೆದು ಜಲ್ಲಿ ತುಂಬಿ, ಮೇಲೆ ಗಟ್ಟಿ ಜಾಲರಿಯ ಚೌಕಟ್ಟು ಇಡಿ. ಹನಿ ಕೆಳಗಿಳಿಯುತ್ತದೆ, ಕೋಳಿಯ ಕಾಲು ಒಣಗಿರುತ್ತದೆ, ಕೆದಕಲು ಅಲ್ಲಿ ಏನೂ ಸಿಗುವುದಿಲ್ಲ.

ನಿಪ್ಪಲ್ ಹಾಕಿದರೆ ಎಲ್ಲ ಮುಗಿಯಿತೇ?

ನಿಪ್ಪಲ್ ಎಂದರೆ ಬಕೆಟ್ಟಿನ ಅಡಿಗೆ ಕೂರಿಸುವ, ಕೊಕ್ಕಿನಿಂದ ಕುಕ್ಕಿದಾಗ ಮಾತ್ರ ಹನಿ ಬಿಡುವ ಸಣ್ಣ ನಳಿಕೆ. ಅದರಿಂದ ತೆರೆದ ತಟ್ಟೆಯ ತೊಂದರೆಗಳಲ್ಲಿ ಹೆಚ್ಚಿನವು ಮುಗಿಯುತ್ತವೆ. ಆದರೆ ನಿಪ್ಪಲ್ಲಿನ ದೋಷ ಕಣ್ಣಿಗೆ ಕಾಣುವುದಿಲ್ಲ. ಬಕೆಟ್ ತುಂಬಿರುತ್ತದೆ, ಕೋಳಿ ಬಾಯಾರಿರುತ್ತದೆ. ದಿನಾ ಬೆಳಗ್ಗೆ ಪ್ರತಿಯೊಂದನ್ನೂ ಬೆರಳಿನಿಂದ ಒತ್ತಿ ನೋಡಿ. ಮೊದಲು ಬಂದು ಆಮೇಲೆ ನಿಂತರೆ ಬಕೆಟ್ಟಿನ ಮುಚ್ಚಳ ಗಾಳಿಯಾಡದಂತೆ ಬಿಗಿದಿದೆ. ಮುಚ್ಚಳದಲ್ಲಿ ಸಣ್ಣ ತೂತು ಕೊರೆದು ನೆಟ್ ಅಂಟಿಸಿ. ತಾನಾಗಿಯೇ ತೊಟ್ಟಿಕ್ಕುತ್ತಿದ್ದರೆ ಒಳಗೆ ಮರಳಿನ ಕಣ ಸಿಕ್ಕಿಕೊಂಡಿರಬಹುದು, ಬಿಚ್ಚಿ ತೊಳೆಯಿರಿ. ಕುಡಿಯುವಾಗ ಮಾತ್ರ ಸೋರಿದರೆ ಎತ್ತರ ಕಡಿಮೆ. ತಟ್ಟೆಯ ಲೆಕ್ಕ ಇಲ್ಲಿಗೆ ಹೊಂದದು. ಕೋಳಿ ಕತ್ತೆತ್ತಿ ಕೆಳಗಿನಿಂದ ಮೇಲಕ್ಕೆ ಕುಕ್ಕುವಂತಿರಬೇಕು, ಆಗ ಹನಿ ನೇರ ಬಾಯಿಗೆ ಬೀಳುತ್ತದೆ. ಬಕೆಟ್ಟಿನೊಳಗೂ ಲೋಳೆ ಕಟ್ಟುತ್ತದೆ, ಕಣ್ಣಿಗೆ ಬೀಳುವುದಿಲ್ಲವಷ್ಟೆ. ವಾರಕ್ಕೊಮ್ಮೆ ಮುಚ್ಚಳ ತೆಗೆದು ಗೋಡೆಗೆ ಬೆರಳಾಡಿಸಿ.

ಹಳೆಯ ತಟ್ಟೆಯನ್ನು ಒಂದೇ ದಿನ ತೆಗೆದುಬಿಡಬೇಡಿ. ಎಲ್ಲ ಕೋಳಿಗಳೂ ನಿಪ್ಪಲ್ಲಿನಲ್ಲಿ ಕುಡಿದದ್ದನ್ನು ನೀವು ಕಣ್ಣಾರೆ ಕಂಡಿರಬೇಕು.

ಫೀಡಿನ ಕಡೆಯ ದೋಷಗಳು

ಫೀಡ್ ನೆಲಕ್ಕೆ ಚೆಲ್ಲುತ್ತಿದ್ದರೆ ತಟ್ಟೆಯನ್ನು ಅತಿಯಾಗಿ ತುಂಬುತ್ತಿದ್ದೀರಿ. ಕೋಳಿ ಕೊಕ್ಕನ್ನು ಎಡಬಲಕ್ಕೆ ಬೀಸಿ ತನಗೆ ಬೇಕಾದ ಕಾಳನ್ನು ಆರಿಸುತ್ತದೆ, ಬೇಡದ್ದು ಅಂಚು ದಾಟಿ ಬೀಳುತ್ತದೆ. ತಟ್ಟೆಯ ಆಳದಲ್ಲಿ ಮೂರನೆಯ ಒಂದು ಭಾಗ ಮಾತ್ರ ಫೀಡಿದ್ದರೆ ಬೀಸಿದ್ದು ಗೋಡೆಗೆ ತಾಗಿ ಒಳಗೇ ಉಳಿಯುತ್ತದೆ. ಅಂಚು ಒಳಕ್ಕೆ ಬಾಗಿದ್ದರೆ ಇನ್ನೂ ಒಳ್ಳೆಯದು. ಮೊಟ್ಟೆಯಿಡುವ ಹೇಟೆಯೊಂದು ದಿನಕ್ಕೆ ಸುಮಾರು 110 ರಿಂದ 120 ಗ್ರಾಂ ತಿನ್ನುತ್ತದೆ. ಹತ್ತು ಹೇಟೆಗಳಿಗೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು. ನೀವು ಹಾಕುತ್ತಿರುವುದು ಎರಡು ಕಿಲೋ ಆಗಿದ್ದರೆ ಮಿಕ್ಕಿದ್ದನ್ನು ಬೇರೆ ಯಾರೋ ತಿನ್ನುತ್ತಿದ್ದಾರೆ, ಅಥವಾ ನೆಲ ತಿನ್ನುತ್ತಿದೆ.

ಆ ಬೇರೆ ಯಾರೋ ಸಾಮಾನ್ಯವಾಗಿ ಇಲಿ, ಹೆಗ್ಗಣ. ರಾತ್ರಿಯ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ಅವೇ. ತಟ್ಟೆಯ ಸುತ್ತ ಸಣ್ಣ ಕಪ್ಪು ಹಿಕ್ಕೆ, ಗೋಡೆಯ ಬದಿಯಲ್ಲಿ ಬಿಲ. ಸಂಜೆ ಫೀಡನ್ನು ಒಳಗೆತ್ತಿ, ಮುಚ್ಚಳ ಬಿಗಿಯಾದ ತಗಡಿನ ಡಬ್ಬಿಯಲ್ಲಿಡಿ. ಕೋಳಿ ಹೇಗೂ ರಾತ್ರಿ ತಿನ್ನುವುದಿಲ್ಲ, ಬೆಳಕು ಹರಿಯುವಾಗ ಮತ್ತೆ ಇಟ್ಟರಾಯಿತು. ಪ್ಲಾಸ್ಟಿಕ್ ಡ್ರಮ್ಮನ್ನು ಹೆಗ್ಗಣ ಕಡಿದು ತೂತು ಮಾಡುತ್ತದೆ. ಹಗಲಲ್ಲಿ ಕಾಡುಹಕ್ಕಿಗಳು ಬಂದು ತಿನ್ನುತ್ತಿದ್ದರೂ ಸುಮ್ಮನಿರಬೇಡಿ. ಹಕ್ಕಿಜ್ವರದಂಥ ರೋಗಗಳು ಬರುವ ದಾರಿಗಳಲ್ಲಿ ಅದೂ ಒಂದು. ಫೀಡ್, ನೀರು ಎರಡೂ ಸೂರಿನ ಕೆಳಗೆ, ಸಣ್ಣ ಕಣ್ಣಿನ ಜಾಲರಿಯೊಳಗೆ ಇರಲಿ.

ಹಳೆಯದರ ಮೇಲೆ ಹೊಸದನ್ನು ಸುರಿಯುವ ಅಭ್ಯಾಸವನ್ನು ಇವತ್ತೇ ಬಿಡಿ. ತಳದ ಪುಡಿ ವಾರಗಟ್ಟಲೆ ಅಲ್ಲೇ ಉಳಿದು, ತೇವ ಹೀರಿ, ಗಟ್ಟಿ ಹೆಂಟೆಯಾಗಿ, ಬೂಷ್ಟು ಹಿಡಿಯುತ್ತದೆ. ಮೇಲಿನಿಂದ ನೋಡಿದರೆ ಹೊಸ ಫೀಡೇ ಕಾಣುತ್ತದೆ. ದಿನಕ್ಕೊಮ್ಮೆ ತಟ್ಟೆ ಪೂರ್ತಿ ಖಾಲಿಯಾಗಲಿ, ತಳದ ಮೂಲೆಯನ್ನು ಬೆರಳಿನಿಂದ ಕೆರೆದು ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಎಲ್ಲವನ್ನೂ ಎಸೆಯಿರಿ, ಕೋಳಿಗಳಿಗೆ ಸಿಗದಂತೆ ಹೂಳಿ. ಬಿಸಿಲಲ್ಲಿ ಒಣಗಿಸಿ ಮತ್ತೆ ಕೊಡೋಣ ಎನ್ನುವುದು ಬಹಳ ದೊಡ್ಡ ತಪ್ಪು. ಬೂಷ್ಟು ಒಣಗಬಹುದು, ಅದು ಬಿಟ್ಟ ಅಫ್ಲಾಟಾಕ್ಸಿನ್ ವಿಷ ಬಿಸಿಲಿಗಾಗಲಿ ಅಡುಗೆಯ ಬಿಸಿಗಾಗಲಿ ಪೂರ್ತಿ ಹೋಗುವುದಿಲ್ಲ. 1960 ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದಾಗ ಸಿಕ್ಕಿದ್ದು ಫೀಡಿನಲ್ಲಿದ್ದ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. ಈ ವಿಷಕ್ಕೆ ಹೆಸರು ಬಿದ್ದದ್ದೇ ಆ ಹುಡುಕಾಟದಿಂದ.

ಅಡುಗೆಮನೆಯಿಂದ ಹಾಕುವ ಸೊಪ್ಪು, ತರಕಾರಿ ಸಿಪ್ಪೆಯನ್ನು ಬೇರೆ ತಟ್ಟೆಯಲ್ಲಿ ಹಾಕಿ, ಉಳಿದದ್ದನ್ನು ಸಂಜೆಯೊಳಗೆ ತೆಗೆಯಿರಿ. ಆವರಣದಲ್ಲಿ ಏನಾದರೂ ಸತ್ತು ಬಿದ್ದಿದ್ದರೆ ತಕ್ಷಣ ಎತ್ತಿ. ಕೊಳೆತ ಮಾಂಸದ ಹುಳುಗಳನ್ನು ತಿಂದ ಕೋಳಿಗೆ ಬೊಟುಲಿಸಂ ಎಂಬ ವಿಷದ ಕಾಯಿಲೆ ತಗಲಿ, ಕುತ್ತಿಗೆ ಸೋತು ನೆಲಕ್ಕೆ ಬೀಳುತ್ತದೆ.

ಸರಿಯಾಯಿತೇ ಎಂದು ತಿಳಿಯುವುದು

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮೂರು ದಿನ ನೋಡಿ. ಎತ್ತರವನ್ನೂ ಜಾಗವನ್ನೂ ಪಾತ್ರೆಯನ್ನೂ ಒಂದೇ ದಿನ ಬದಲಿಸಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯುವುದಿಲ್ಲ. ಆ ಮೂರು ದಿನ ಬೆಳಗ್ಗೆ ಅಳೆದು ನೀರು ಹಾಕಿ, ಸಂಜೆ ಉಳಿದದ್ದನ್ನು ಅಳೆಯಿರಿ. ಹಿತವಾದ ಹವೆಯಲ್ಲಿ ಹೇಟೆಯೊಂದು ದಿನಕ್ಕೆ 200 ರಿಂದ 250 ಮಿಲಿಲೀಟರ್ ಕುಡಿಯುತ್ತದೆ, ಸೆಖೆಯಲ್ಲಿ ಎರಡು ಪಟ್ಟಾಗಬಹುದು. ನೀರು ಶುಚಿಯಾಗಿದ್ದೂ ಅಳತೆ ಇದಕ್ಕಿಂತ ಬಹಳ ಕಡಿಮೆ ಬಂದರೆ ಅವಕ್ಕೆ ಪಾತ್ರೆ ಎಟುಕುತ್ತಿಲ್ಲ, ಅಥವಾ ಜಗಳಗಂಟಿ ಕೋಳಿಯೊಂದು ಉಳಿದವನ್ನು ಹತ್ತಿರ ಬಿಡುತ್ತಿಲ್ಲ. ಎರಡನೆಯದಾದರೆ ಇನ್ನೊಂದು ಪಾತ್ರೆಯನ್ನು, ಮೊದಲನೆಯದರಿಂದ ಕಾಣದ ಮೂಲೆಯಲ್ಲಿಡಿ.

ನೀರು, ಫೀಡ್ ಎರಡೂ ಸರಿಯಿದ್ದೂ ಕೋಳಿ ರೆಕ್ಕೆ ಇಳಿಬಿಟ್ಟು ಕೂತಿದ್ದರೆ, ಹಿಕ್ಕೆಯಲ್ಲಿ ರಕ್ತ ಕಂಡರೆ, ಕುತ್ತಿಗೆ ನಿಲ್ಲದಿದ್ದರೆ, ಇದ್ದಕ್ಕಿದ್ದಂತೆ ಒಂದಾದ ಮೇಲೊಂದು ಸತ್ತರೆ ತಡಮಾಡಬೇಡಿ. ಪಶುವೈದ್ಯರನ್ನು ಕಾಣಿ. ಹೋಗುವಾಗ ಆ ದಿನದ ತಾಜಾ ಹಿಕ್ಕೆ, ತಟ್ಟೆಯ ತಳದಿಂದ ಕೆರೆದ ಒಂದು ಹಿಡಿ ಫೀಡ್, ತೊಳೆಯುವ ಮುಂಚಿನ ನೀರು ಇವಿಷ್ಟನ್ನು ಬೇರೆ ಬೇರೆ ಶುಚಿಯಾದ ಡಬ್ಬಿಗಳಲ್ಲಿ ಮುಚ್ಚಿ ಒಯ್ಯಿರಿ. ಡಬ್ಬಿಯ ಮೇಲೆ ದಿನ, ಹೊತ್ತು ಬರೆದಿರಲಿ.